ಅಳುವ ಮಗುವಿನ ಪಕ್ಕ ನಿಲ್ಲಿ: ಬನ್ನಿಮಂಟಪದ ತಂದೆ-ತಾಯಂದಿರಿಗೆ ಒಂದು ಬಹಿರಂಗ ಪತ್ರ

ಬನ್ನಿಮಂಟಪ ಮತ್ತು ಸುತ್ತಲಿನ ಬಡಾವಣೆಗಳಲ್ಲಿ ಎಳೆಯ ಮಕ್ಕಳನ್ನು ಬೆಳೆಸುತ್ತಿರುವ ತಾಯಂದಿರೇ, ತಂದೆಯರೇ, ಅಜ್ಜ-ಅಜ್ಜಿಯರೇ,



ದಸರೆಗೆ ಮುಂಚೆಯೇ ಈ ಪತ್ರ ನಿಮ್ಮನ್ನು ತಲುಪಲಿ ಎಂದು ಬರೆಯುತ್ತಿದ್ದೇನೆ. ಗಜಪಯಣ ಮುಗಿದಿದೆ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಹೊರಟ ಆನೆಗಳು ಅರಮನೆ ಅಂಗಳ ಸೇರಿ, ಸಯ್ಯಾಜಿರಾವ್ ರಸ್ತೆ, ಬಂಬೂ ಬಜಾರ್, ಹೈವೇ ವೃತ್ತದ ದಾರಿಯಲ್ಲಿ ನಮ್ಮ ಮೈದಾನದವರೆಗೆ ತಾಲೀಮಿಗೆ ಬಂದು ಹೋಗುತ್ತಿವೆ. ನೀವು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ರಸ್ತೆ ಬದಿಯಲ್ಲಿ ನಿಂತು ತೋರಿಸುತ್ತೀರಿ. ನಾನು ಹೇಳಬೇಕೆಂದಿರುವ ಮಾತಿಗೂ ಆ ತಾಲೀಮಿಗೂ ಹತ್ತಿರದ ನಂಟಿದೆ.

ನಾನು ಇದೇ ಬಡಾವಣೆಯವಳು. ಶಿಶುವಿಹಾರದಲ್ಲಿ ಪಾಠ ಹೇಳುತ್ತ, ಎರಡೂವರೆಯಿಂದ ಆರು ವರ್ಷದ ಮಕ್ಕಳ ನಡುವೆಯೇ ನನ್ನ ಕೆಲಸದ ಬದುಕನ್ನೆಲ್ಲ ಕಳೆದವಳು. ಬೆಳಗ್ಗೆ ಶಾಲೆಯ ಗೇಟಿನಲ್ಲಿ ಅಮ್ಮನ ಸೆರಗು ಬಿಡದೆ ಅಳುವ ಮಕ್ಕಳನ್ನೂ, ಆಟದ ಸಾಮಾನು ಕಿತ್ತುಕೊಂಡರೆಂದು ಪಕ್ಕದವನ ಕೈ ಕಚ್ಚಿದ ಮಕ್ಕಳನ್ನೂ, ಚಿತ್ರ ಸರಿಯಾಗಲಿಲ್ಲವೆಂದು ಹಾಳೆ ಹರಿದು ನೆಲಕ್ಕೆ ಬಿದ್ದು ಹೊರಳಿದ ಮಕ್ಕಳನ್ನೂ ಬಹಳ ನೋಡಿದ್ದೇನೆ. ಅವರಲ್ಲಿ ಕೆಟ್ಟ ಮಗು ಎಂದು ನನಗೆ ಒಂದೂ ಸಿಗಲಿಲ್ಲ. ತನ್ನ ಮೈಗಿಂತ ದೊಡ್ಡದಾದ ಸಿಟ್ಟನ್ನೋ ಹೆದರಿಕೆಯನ್ನೋ ಹೊತ್ತು, ಅದನ್ನು ಎಲ್ಲಿ ಇಳಿಸಬೇಕೆಂದು ತಿಳಿಯದ ಮಕ್ಕಳೇ ಸಿಕ್ಕವು.

ತಾಲೀಮಿನ ವಿಷಯಕ್ಕೆ ಬರುತ್ತೇನೆ. ವಿಜಯದಶಮಿಯ ದಿನ ಏಳು ಫಿರಂಗಿಗಳಿಂದ 21 ಸುತ್ತು ಕುಶಾಲತೋಪು ಹಾರುತ್ತದೆ. ಆ ಸದ್ದಿಗೆ ಆನೆ-ಕುದುರೆಗಳು ಬೆದರಬಾರದೆಂದು ವಾರಗಳ ಮುಂಚೆಯೇ ಅಭ್ಯಾಸ ಶುರುವಾಗುತ್ತದೆ. ಮೊದಲ ಸಿಡಿತಕ್ಕೆ ಹೊಸ ಆನೆ ಬೆಚ್ಚುತ್ತದೆ, ಹಿಂದೆ ಸರಿಯುತ್ತದೆ. ಅದರ ಜೊತೆಗೆ ಪಳಗಿದ ಆನೆಗಳು ಇರುತ್ತವೆ. ಅದರ ಮಾವುತ, ಕಾವಾಡಿ ಅಲ್ಲೇ ಇದ್ದು ಮೈ ಸವರುತ್ತ, ಪರಿಚಿತ ದನಿಯಲ್ಲಿ ಮಾತಾಡಿಸುತ್ತ ಇರುತ್ತಾರೆ. ಕೆಲವು ದಿನ ಬಿಟ್ಟು ಮತ್ತೆ ತಾಲೀಮು, ಆಮೇಲೆ ಇನ್ನೊಂದು. ಅಂಬಾರಿಯ ವಿಷಯವೂ ಹೀಗೆಯೇ. ಮೊದಲು ಬರಿಬೆನ್ನಿನ ನಡಿಗೆ, ನಂತರ ಮರಳಿನ ಮೂಟೆ, ಮೂಟೆಯ ತೂಕ ಹಂತಹಂತವಾಗಿ ಏರಿದ ಮೇಲೆ ಮರದ ಅಂಬಾರಿ. 750 ಕಿಲೋ ತೂಕದ ಚಿನ್ನದ ಅಂಬಾರಿ ಬೆನ್ನೇರುವುದು ಕೊನೆಯ ದಿನ. ಅಂಬಾರಿ ಆನೆಗಳಾದ ಅರ್ಜುನನಾಗಲಿ ಅಭಿಮನ್ಯುವಾಗಲಿ, ವರ್ಷಗಟ್ಟಲೆ ದಸರೆಯಲ್ಲಿ ನಡೆದು ಪಳಗಿದ ಮೇಲೆಯೇ ಅದನ್ನು ಹೊತ್ತವರು.

ಮಗು ಆನೆಯಲ್ಲ ಎನ್ನುವುದು ನನಗೂ ಗೊತ್ತು. ಮಗುವಿಗೆ ಸರಪಳಿ ಬೇಡ, ಅಂಕುಶವಂತೂ ಬೇಡವೇ ಬೇಡ. ಆದರೆ ಅಷ್ಟು ದೊಡ್ಡ ಪ್ರಾಣಿಗೇ ಸಮಾಧಾನ ಕಲಿಯಲು ಅಭ್ಯಾಸ ಬೇಕು, ನಂಬಿದವರು ಪಕ್ಕದಲ್ಲಿರಬೇಕು ಎಂದು ನಮ್ಮ ಊರು ಒಪ್ಪಿಕೊಂಡಿದೆ. ಮೂರು ವರ್ಷದ ಕೂಸಿನಿಂದ ಮಾತ್ರ ನಾವು ಯಾವ ತಾಲೀಮೂ ಇಲ್ಲದೆ, ‘ಸುಮ್ನಿರು’ ಎಂಬ ಒಂದೇ ಮಾತಿಗೆ ಶಾಂತಿಯನ್ನು ನಿರೀಕ್ಷಿಸುತ್ತೇವೆ. ಈ ಪತ್ರದಲ್ಲಿ ನಾನು ಕೇಳುತ್ತಿರುವುದೆಲ್ಲ ಇಷ್ಟೇ: ಆನೆಗೆ ಕೊಡುವ ಆ ಎರಡನ್ನು, ಅಭ್ಯಾಸವನ್ನೂ ಜೊತೆಯನ್ನೂ, ನಿಮ್ಮ ಮಗುವಿಗೂ ಕೊಡಿ.

ಒಂದು ವರ್ಷದ ವಿಜಯದಶಮಿಯ ರಾತ್ರಿ, ನಮ್ಮ ಮೈದಾನದಲ್ಲಿ ನಡೆಯುವ ಪಂಜಿನ ಕವಾಯತಿನ ಜನಸಂದಣಿಯಲ್ಲಿ ಕಂಡದ್ದು ಇದು. ತಂದೆಯ ಹೆಗಲ ಮೇಲೆ ಮೂರರ ಆಸುಪಾಸಿನ ಹುಡುಗಿ. ಹೊಸ ಲಂಗ, ಕೈಯಲ್ಲಿ ಬಲೂನು. ಬಾಣಬಿರುಸು ಆಕಾಶಕ್ಕೇರಿದ ಕೂಡಲೇ ಬಲೂನು ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡಳು. ಅಪ್ಪ, ‘ನೋಡು ಪುಟ್ಟಿ, ಎಷ್ಟು ಚೆನ್ನಾಗಿದೆ’ ಎಂದರು. ಅವಳು ಕಿರುಚತೊಡಗಿದಳು. ‘ಎಲ್ಲಾ ಮಕ್ಕಳೂ ನೋಡ್ತಿಲ್ವಾ, ನಿಂಗೊಬ್ಳಿಗೇನು?’ ಎಂದರು. ಅವಳು ಅವರ ಕೂದಲು ಹಿಡಿದು ಜಗ್ಗಿದಳು, ಕಾಲು ಒದರಿದಳು. ಕೆಳಗಿಳಿಸಿ ಬೆನ್ನಿಗೆ ಒಂದೇಟು ಕೊಟ್ಟರು. ಅಳು ನಿಂತಿತು. ಆದರೆ ಕೈ ಕಿವಿಯ ಮೇಲಿಂದ ಇಳಿದಿರಲಿಲ್ಲ. ಭುಜ ಕಿವಿಯವರೆಗೆ ಬಿಗಿದಿತ್ತು. ಸದ್ದಿಗೆ ಹೆದರಿದ್ದ ಮಗು ಈಗ ಅಪ್ಪನಿಗೂ ಹೆದರಿತ್ತು, ಅಷ್ಟೇ. ಆ ತಂದೆ ಕ್ರೂರಿಯಲ್ಲ. ಮಗಳಿಗೆ ಸಂಭ್ರಮ ತೋರಿಸಬೇಕೆಂದೇ ಅಷ್ಟು ಹೊತ್ತು ಹೆಗಲ ಮೇಲೆ ಹೊತ್ತು ನಿಂತವರು. ಮಗಳ ಮೈಯೊಳಗೆ ಏನಾಗುತ್ತಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಏನಾಗುತ್ತದೆ ಎಂಬುದನ್ನು ಸರಳವಾಗಿ ಹೇಳುತ್ತೇನೆ. ಹೆದರಿಕೆ, ಸಿಟ್ಟು, ಆಸೆ, ಹೊಟ್ಟೆಕಿಚ್ಚು ಇವೆಲ್ಲ ಮಗುವಿನಲ್ಲಿ ತೀರ ಮೊದಲೇ ಪೂರ್ತಿ ಬಲದೊಂದಿಗೆ ಎದ್ದು ನಿಲ್ಲುತ್ತವೆ. ಅವನ್ನು ಹಿಡಿದು ನಿಲ್ಲಿಸುವ, ‘ತಡಿ, ಯೋಚಿಸು’ ಎನ್ನುವ ಕೆಲಸ ಮೆದುಳಿನ ಮುಂಭಾಗದ್ದು. ಅದು ಬಲಿಯುವುದು ಬಹಳ ನಿಧಾನ. ಇಪ್ಪತ್ತು ದಾಟಿದ ಮೇಲೂ ಅದರ ಬೆಳವಣಿಗೆ ನಡೆದೇ ಇರುತ್ತದೆ. ಜೊತೆಗೆ ಎರಡು-ಮೂರು ವರ್ಷದ ಮಗುವಿಗೆ ತನಗೆ ಬೇಕಾದ್ದೆಲ್ಲ ಗೊತ್ತು, ಹೇಳಲು ಮಾತು ಸಾಲದು. ಆದ್ದರಿಂದಲೇ ಒಂದರಿಂದ ನಾಲ್ಕು ವರ್ಷದೊಳಗೆ ರಚ್ಚೆ, ರಂಪ, ಚಂಡಿ ಹಿಡಿಯುವುದು ಇಷ್ಟು ಹೆಚ್ಚು. ಅದು ಬೆಳವಣಿಗೆಯ ಒಂದು ಘಟ್ಟ. ನಿಮ್ಮ ಮರ್ಯಾದೆ ಕಳೆಯಲೆಂದು ಮಗು ಹೂಡಿದ ಸಂಚು ಎಂದು ದಯವಿಟ್ಟು ಎಣಿಸಬೇಡಿ. ಅಳು ಏರಿದ ಹೊತ್ತಿನಲ್ಲಿ ಬುದ್ಧಿಮಾತು ಒಳಗೆ ಇಳಿಯುವುದಿಲ್ಲ. ಇಳಿಯುವುದು ನಿಮ್ಮ ದನಿಯ ಮಟ್ಟ, ಮುಖದ ಬಿಗಿ, ಕೈಯ ಬಿಸುಪು, ಉಸಿರಿನ ಗತಿ. ನಿಮ್ಮ ಉಸಿರು ಏರಿದರೆ ಮಗುವಿನದೂ ಏರುತ್ತದೆ, ನಿಮ್ಮದು ಇಳಿದರೆ ಅದರದೂ ಹೊತ್ತು ತೆಗೆದುಕೊಂಡು ಇಳಿಯುತ್ತದೆ.

ಹೀಗೆ ಶಾಂತವಾಗಿ ಮಗುವಿನ ಜೊತೆಗಿರುವುದನ್ನು ಹೊಸ ಕಾಲದ ಷೋಕಿ ಎಂದೋ ಹೊರದೇಶದವರ ರೀತಿ ಎಂದೋ ತಳ್ಳಿಹಾಕುವವರಿದ್ದಾರೆ. ಅವರಿಗೆ ನಮ್ಮ ಊರನ್ನೇ ನೆನಪಿಸಬೇಕು. ಮನಸ್ಸನ್ನು ಶಾಸ್ತ್ರವಾಗಿ ಓದುವ ಕೆಲಸ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ, ಎಂ. ವಿ. ಗೋಪಾಲಸ್ವಾಮಿಯವರಿಂದ ಶುರುವಾಯಿತು. ಮಾತು ತಡವಾದ ಮಕ್ಕಳಿಗೆ ದೇಶಕ್ಕೇ ದಾರಿ ತೋರಿದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾದದ್ದು ನಮ್ಮ ಮೈಸೂರಿನಲ್ಲೇ, ಈಗ ಮಾನಸಗಂಗೋತ್ರಿಯಲ್ಲಿದೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿಗಳು ಆರಂಭವಾದಾಗ ಕರ್ನಾಟಕದ ಪಾಲಿಗೆ ಮೊದಲು ಆಯ್ಕೆಯಾದದ್ದು ನಮ್ಮದೇ ಜಿಲ್ಲೆಯ ತಿ. ನರಸೀಪುರ. ವೈದ್ಯೆ ಅನುಪಮಾ ನಿರಂಜನ ಅವರ ‘ತಾಯಿ-ಮಗು’ ಪುಸ್ತಕ ಎಷ್ಟೋ ಮನೆಗಳ ಕಪಾಟಿನಲ್ಲಿ ಇಂದಿಗೂ ಇದೆ. ಇನ್ನೂ ಹಿಂದಕ್ಕೆ ಹೋದರೆ, ರಚ್ಚೆ ಹಿಡಿದ ಮಗುವನ್ನು ಸೊಂಟಕ್ಕೇರಿಸಿಕೊಂಡು ಹಿತ್ತಲಿಗೆ ಹೋಗಿ, ಕರುವನ್ನೋ ಚಂದಮಾಮನನ್ನೋ ತೋರಿಸುತ್ತ, ಬೆನ್ನು ತಟ್ಟುತ್ತ ಮೆಲುದನಿಯಲ್ಲಿ ಏನೋ ಗುನುಗುತ್ತಿದ್ದ ಅಜ್ಜಿಯರು ಇದೇ ಕೆಲಸ ಮಾಡುತ್ತಿದ್ದರು. ಶಾಂತವಾದ ಒಂದು ಮೈಗೆ ಮಗುವಿನ ಮೈಯನ್ನು ಒರಗಿಸಿಕೊಳ್ಳುವುದು ನಮ್ಮ ಮನೆಗಳಿಗೆ ಹೊಸತಲ್ಲ. ಗಡಿಬಿಡಿಯ ಬದುಕಿನಲ್ಲಿ ಅದು ಕೈತಪ್ಪಿ ಹೋಗಿದೆ, ಅಷ್ಟೇ.

‘ನಮ್ಮನ್ನೂ ಹೊಡೆದೇ ಬೆಳೆಸಿದ್ರು ಮೇಡಂ, ನಾವೇನು ಕೆಟ್ಟೋದ್ವಾ?’ ಎಂದು ಅನೇಕ ತಂದೆಯರು ನನ್ನನ್ನು ಕೇಳಿದ್ದಾರೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನೂ ಮುಂದಿಡುತ್ತಾರೆ. ಗಾದೆ ಸರಿಯಾಗಿಯೇ ಇದೆ. ಆದರೆ ಗಿಡವನ್ನು ಬಗ್ಗಿಸುವವರು ಕೋಲು ಕಟ್ಟಿ, ನೀರೆರೆದು, ನಿಧಾನವಾಗಿ ಬಗ್ಗಿಸುತ್ತಾರೆ. ಹೊಡೆದು ಬಗ್ಗಿಸಿದವರಿಲ್ಲ. ನೀವು ಕೆಡಲಿಲ್ಲ ಎನ್ನುವುದೂ ನಿಜ. ನಿಮ್ಮನ್ನು ಕಾಪಾಡಿದ್ದು ಆ ಏಟೋ, ಅಥವಾ ಏಟಿನ ನಂತರ ಮಡಿಲಿಗೆಳೆದುಕೊಂಡು ಅನ್ನ ಕಲಸಿ ತಿನ್ನಿಸಿದ ಅಜ್ಜಿಯೋ, ಒಮ್ಮೆ ಯೋಚಿಸಿ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳ ಅಧ್ಯಯನದಲ್ಲಿ ಮೂವರು ಮಕ್ಕಳಲ್ಲಿ ಇಬ್ಬರು ತಮಗೆ ದೈಹಿಕ ಹಿಂಸೆ ಆಗಿದೆ ಎಂದರು. ಮನೆಯೊಳಗೆ ಪೆಟ್ಟು ತಿಂದವರಲ್ಲಿ ಬಹುಪಾಲು ಮಕ್ಕಳಿಗೆ ಕೈಯೆತ್ತಿದವರು ಹೆತ್ತವರೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಶಿಕ್ಷಕಿ ಕೈಯೆತ್ತಿದರೆ ನೀವು ದೂರು ಕೊಡುತ್ತೀರಿ, ಕೊಡಬೇಕು ಕೂಡ. ಶಾಲೆಯಲ್ಲಿ ಮಗುವಿಗಿರುವ ಆ ರಕ್ಷಣೆ ಮನೆಯಲ್ಲಿ ಕಡಿಮೆಯಾಗಬಾರದು ಎಂಬುದೇ ನನ್ನ ವಾದ.

ಶಾಂತವಾಗಿರಿ ಎಂದರೆ ಕೇಳಿದ್ದನ್ನೆಲ್ಲ ಕೊಟ್ಟುಬಿಡಿ ಎಂದು ಅರ್ಥವಲ್ಲ. ನಮ್ಮ ಬಡಾವಣೆಯ ಒಂದು ದಿನಸಿ ಅಂಗಡಿಯ ಮುಂದೆ ನಾನು ನೋಡಿದ ತಾಯಿಯೊಬ್ಬರ ವಿಷಯ ಹೇಳಿದರೆ ಇದು ಸ್ಪಷ್ಟವಾಗುತ್ತದೆ. ನಾಲ್ಕು ವರ್ಷದ ಮಗ ಗಾಜಿನ ಡಬ್ಬಿಯ ಚಾಕೊಲೇಟಿಗಾಗಿ ನೆಲಕ್ಕೆ ಬಿದ್ದಿದ್ದ. ಅಂಗಡಿಯವರು ಕರುಣೆಯಿಂದಲೇ, ‘ತಗೊಳ್ಳಿ ಅಕ್ಕ, ದುಡ್ಡು ಆಮೇಲೆ ಕೊಡಿ’ ಎಂದು ಡಬ್ಬಿ ಬಿಚ್ಚಿದರು. ಆಕೆ ‘ಬೇಡಣ್ಣ, ಇವತ್ತು ಬೇಡ’ ಎಂದು ಕೈ ಮುಗಿದರು. ತರಕಾರಿ ಚೀಲವನ್ನು ಕಟ್ಟೆಯ ಮೇಲಿಟ್ಟು ಮಗನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ‘ಬೇಕು ಅಂತ ತುಂಬಾ ಅನ್ನಿಸ್ತಿದೆ ಅಲ್ವಾ ಕಂದ. ಸಿಟ್ಟು ಬಂದಿದೆ. ಇವತ್ತು ಕೊಡ್ಸಲ್ಲ. ನಾನು ಇಲ್ಲೇ ಇರ್ತೀನಿ’ ಎಂದರು. ಅಷ್ಟೇ ಮಾತು. ಅವನು ಒದ್ದಾಗ ಕಾಲನ್ನು ಮೆಲ್ಲಗೆ ಹಿಡಿದು, ‘ಒದೆಯೋಕೆ ಬಿಡಲ್ಲ’ ಎಂದರು. ಸಾಲಿನಲ್ಲಿದ್ದವರೊಬ್ಬರು, ‘ಎರಡು ಬಿಡಿ, ಸರಿಹೋಗ್ತಾನೆ’ ಎಂದರು. ಆಕೆ ಅತ್ತ ತಿರುಗಲಿಲ್ಲ. ಅಳು ಇನ್ನೂ ಏರಿತು, ಆಮೇಲೆ ಬಿಕ್ಕಾಯಿತು. ಕೊನೆಗೆ ಹುಡುಗ ತಾನಾಗಿ ಎದ್ದು ಅವರ ಕತ್ತಿಗೆ ಮುಖ ಒತ್ತಿದ. ಆಕೆ ಸೆರಗಿನಿಂದ ಮೂಗು ಒರೆಸಿ, ‘ಚೀಲದ ಈ ಕಡೆ ಕಿವಿ ನೀನು ಹಿಡ್ಕೋ’ ಎಂದರು. ಇಬ್ಬರೂ ಚೀಲ ಹಿಡಿದು ಮನೆಗೆ ಹೋದರು. ‘ಇಲ್ಲ’ ಎಂಬ ಮಾತು ಕೊನೆಯವರೆಗೂ ‘ಇಲ್ಲ’ವಾಗಿಯೇ ಉಳಿಯಿತು. ತಾಯಿಯೂ ಕೊನೆಯವರೆಗೂ ಅಲ್ಲೇ ಉಳಿದರು. ಮಗು ಆವತ್ತು ಕಲಿತದ್ದು ಎರಡು: ಅತ್ತರೆ ಚಾಕೊಲೇಟು ಸಿಗುವುದಿಲ್ಲ, ಅತ್ತರೆ ಅಮ್ಮ ದೂರವಾಗುವುದೂ ಇಲ್ಲ.

ಈಗ ನನ್ನ ಕೋರಿಕೆಗಳು. ಒಂದೊಂದನ್ನೂ ನಿಮ್ಮ ಮನೆಯ ಪರಿಸ್ಥಿತಿಗೆ ಹೊಂದಿಸಿ ನೋಡಿ.

ಮೊದಲನೆಯದು, ಅಳು ಏರಿದ ಹೊತ್ತಿನಲ್ಲಿ ನೀವು ಮಾಡಬೇಕಾದದ್ದು. ಮೊದಲು ಒಂದು ದೀರ್ಘ ಉಸಿರು ಬಿಡಿ. ಮಗುವಿನ ಎತ್ತರಕ್ಕೆ ಕೂರಿ. ದನಿ ತಗ್ಗಿಸಿ, ಮಾತು ಕಡಿಮೆ ಮಾಡಿ. ನಿಮಗೆ ಕಂಡದ್ದಕ್ಕೆ ಹೆಸರು ಕೊಡಿ: ‘ಸಿಟ್ಟು ಬಂತಾ’, ‘ಹೆದರಿಕೆ ಆಯ್ತಾ’, ‘ಅಣ್ಣಂಗೆ ಮೊದಲು ಕೊಟ್ಟಿದ್ದು ಬೇಜಾರಾಯ್ತಾ’. ಮನೆಮಾತು ಕನ್ನಡವಿರಲಿ, ಉರ್ದು, ತಮಿಳು, ತೆಲುಗು ಯಾವುದೇ ಇರಲಿ, ಮಗು ತೊಟ್ಟಿಲಲ್ಲಿ ಕೇಳಿದ ಭಾಷೆಯಲ್ಲೇ ಹೇಳಿ. ತನ್ನೊಳಗಿನದಕ್ಕೆ ಹೆಸರಿದೆ ಎಂದು ತಿಳಿದ ಮಗು ಮುಂದೊಂದು ದಿನ ಕಚ್ಚುವ ಬದಲು ‘ನಂಗೆ ಸಿಟ್ಟು’ ಎನ್ನುತ್ತದೆ. ಎತ್ತಿಕೊಂಡರೆ ಸಮಾಧಾನವಾಗುವ ಮಗುವನ್ನು ಎತ್ತಿಕೊಳ್ಳಿ. ಮುಟ್ಟಿದರೆ ಇನ್ನಷ್ಟು ಕೆರಳುವ ಮಗುವಿನಿಂದ ಒಂದು ಮಾರು ದೂರ, ಕಣ್ಣಿಗೆ ಕಾಣುವಂತೆ ಕೂರಿ. ಹೊಡೆಯುವ, ಕಚ್ಚುವ, ತಲೆ ಚಚ್ಚಿಕೊಳ್ಳುವ ಮಗುವನ್ನು ಗಟ್ಟಿಯಾಗಿ, ಆದರೆ ನೋವಾಗದಂತೆ ತಡೆಯಿರಿ. ಬುದ್ಧಿ ಹೇಳುವುದು ಅಳು ಪೂರ್ತಿ ಇಳಿದ ಮೇಲೆ, ಅದೂ ಎರಡೇ ವಾಕ್ಯದಲ್ಲಿ.

ಎರಡನೆಯದು, ಹೆದರಿಸುವುದನ್ನು ಬಿಡಿ. ‘ಗುಮ್ಮ ಬರ್ತಾನೆ’, ‘ಪೊಲೀಸ್‌ನ ಕರೀತೀನಿ’, ‘ಡಾಕ್ಟ್ರ ಹತ್ರ ಸೂಜಿ ಚುಚ್ಚಿಸ್ತೀನಿ’, ‘ನಿನ್ನ ಇಲ್ಲೇ ಬಿಟ್ಟು ಹೋಗ್ತೀನಿ’ ಎಂಬ ಮಾತುಗಳು ನಮ್ಮ ಬೀದಿಗಳಲ್ಲಿ ದಿನವೂ ಕೇಳುತ್ತವೆ. ಜಾತ್ರೆಯಲ್ಲಿ ಕಳೆದುಹೋದ ಮಗು ಸಹಾಯ ಕೇಳಬೇಕಾದದ್ದು ಪೊಲೀಸರನ್ನೇ. ಜ್ವರ ಬಂದಾಗ ಮೈ ತೋರಿಸಬೇಕಾದದ್ದು ವೈದ್ಯರಿಗೇ. ಮಗುವಿಗೆ ಆಸರೆಯಾಗಬೇಕಾದವರನ್ನೆಲ್ಲ ಗುಮ್ಮಗಳನ್ನಾಗಿ ಮಾಡಿಟ್ಟರೆ ಕಷ್ಟದಲ್ಲಿ ಅದು ಯಾರ ಬಳಿ ಓಡಬೇಕು? ‘ಗಂಡು ಹುಡುಗ್ರು ಅಳ್ತಾರಾ?’ ಎಂಬ ಮಾತನ್ನೂ ಇದರ ಜೊತೆಗೇ ಬಿಟ್ಟುಬಿಡಿ. ಅಳಲು ಬಿಡದ ಗಂಡುಮಕ್ಕಳಿಗೆ ಕೊನೆಗೆ ಸಿಟ್ಟೊಂದೇ ಉಳಿಯುತ್ತದೆ.

ಮೂರನೆಯದು, ಅಳು ನಿಲ್ಲಿಸಲು ಮೊಬೈಲ್ ಕೈಗಿಡಬೇಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೊಬೈಲ್ ಕೊಟ್ಟರೆ ಅಳು ನಿಲ್ಲುವುದು ನಿಜ. ಆದರೆ ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವ ಒಂದು ಅಭ್ಯಾಸವೂ ಮಗುವಿಗೆ ಆವತ್ತು ತಪ್ಪಿಹೋಗುತ್ತದೆ. ಎರಡು ಕೋಣೆಯ ಮನೆಯಲ್ಲಿ ಒಲೆಯ ಮೇಲೆ ಅಡುಗೆ, ಒಳಗೆ ರಾತ್ರಿಪಾಳಿ ಮುಗಿಸಿ ಮಲಗಿರುವ ಗಂಡ, ಕಾಲಿಗೆ ಸುತ್ತಿಕೊಂಡ ಮಗು, ಇಂಥ ಹೊತ್ತಿನಲ್ಲಿ ತಾಯಿಗೆ ಬೇರೆ ದಾರಿ ಕಾಣದಿರುವುದು ನನಗೆ ಅರ್ಥವಾಗುತ್ತದೆ. ಬಟಾಣಿ ಬಿಡಿಸಲು ಕೊಡಿ, ಪಾತ್ರೆಗೆ ನೀರು ತುಂಬಿ ಲೋಟ ಕೊಡಿ, ಚಪಾತಿ ಹಿಟ್ಟಿನ ಒಂದು ಉಂಡೆ ಕೊಡಿ. ಕೈಗೆ ಕೆಲಸ ಸಿಕ್ಕ ಮಗುವಿನ ಮನಸ್ಸು ಅರ್ಧ ದಾರಿ ತಾನೇ ಇಳಿದುಬರುತ್ತದೆ.

ನಾಲ್ಕನೆಯದು, ಹೊಟ್ಟೆ ಮತ್ತು ನಿದ್ದೆ. ನಾನು ಕಂಡ ರಂಪಗಳಲ್ಲಿ ಬಹಳಷ್ಟು ಹಸಿವು, ನಿದ್ದೆ ಇಲ್ಲವೇ ದಣಿವಿನಿಂದ ಬಂದವು. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನದೂ ಸೇರಿ 11ರಿಂದ 14 ಗಂಟೆ, ಮೂರು-ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ದಸರೆಯ ದಿನಗಳಲ್ಲಿ ದೀಪಾಲಂಕಾರ, ವಸ್ತುಪ್ರದರ್ಶನ ಎಂದು ರಾತ್ರಿ ಹನ್ನೊಂದರವರೆಗೆ ತಿರುಗಿಸಿ, ಮರುದಿನ ಮಗು ಕಿರಿಕಿರಿ ಮಾಡುತ್ತದೆ ಎಂದು ಗದರಿದರೆ ಅದು ನ್ಯಾಯವಲ್ಲ.

ಐದನೆಯದು, ತಾಲೀಮು. ಸಮಾಧಾನವನ್ನು ಸಮಾಧಾನದ ಹೊತ್ತಿನಲ್ಲೇ ಕಲಿಸಬೇಕು. ಸಂಜೆ ಬೆಚ್ಚಗಿನ ಹಾಲಿನ ಲೋಟವನ್ನು ಮುಂದಿಟ್ಟುಕೊಂಡು ನೀವೂ ಮಗುವೂ ನಿಧಾನವಾಗಿ ಊದಿ ಆರಿಸುವ ಆಟವಾಡಿ. ದಿನವೂ ಆಡಿದ ಆಟ ಸಿಟ್ಟಿನ ಹೊತ್ತಿಗೆ ಕೈಗೆ ಬರುತ್ತದೆ. ‘ಬಾ, ಹಾಲು ಆರಿಸೋಣ’ ಎಂದರೆ ಮಗುವಿಗೆ ಏನು ಮಾಡಬೇಕೆಂದು ಗೊತ್ತಿರುತ್ತದೆ. ಈ ದಸರೆಗೆ ಇನ್ನೊಂದು ಮಾಡಿ. ಪಂಜಿನ ಕವಾಯತಿನಲ್ಲಿ ಏನೇನಿರುತ್ತದೆ ಎಂದು ಮೊದಲೇ ಕಥೆಯಂತೆ ಹೇಳಿ: ಕುದುರೆ ಬರುತ್ತದೆ, ಮೋಟಾರ್ ಸೈಕಲ್ ಸಾಹಸ ಇರುತ್ತದೆ, ಪಂಜು ಹಿಡಿದವರು ಬರುತ್ತಾರೆ, ಕೊನೆಗೆ ದೊಡ್ಡ ಸದ್ದಿನ ಬಾಣಬಿರುಸು. ಸದ್ದಿಗೆ ಹೆದರುವ ಮಗುವಾದರೆ ಮೊದಲ ವರ್ಷ ಮನೆಯ ತಾರಸಿಯಿಂದ ತೋರಿಸಿ. ಮೈದಾನಕ್ಕೇ ಹೋಗುವುದಾದರೆ ಕಿವಿಗೆ ಹತ್ತಿ ಇಡಿ, ಹೊರಗೆ ಬರಲು ಸುಲಭವಾಗುವ ಕಡೆ ಕೂರಿ. ‘ಸಾಕು ಅನ್ನಿಸಿದ್ರೆ ನನ್ನ ಕೈ ಎರಡು ಸಲ ಒತ್ತು, ಎದ್ದು ಬಂದುಬಿಡೋಣ’ ಎಂದು ಹೇಳಿಟ್ಟಿರಿ. ಒತ್ತಿದರೆ ನಿಜವಾಗಿಯೂ ಎದ್ದು ಬನ್ನಿ. ಟಿಕೆಟಿನ ದುಡ್ಡು ಹೋದರೂ ಆ ಮಾತು ಉಳಿಯಬೇಕು. ಶಾಲೆಗೆ ಹೊಸದಾಗಿ ಸೇರುವ ಮಗುವಿಗೂ ಇದೇ ಕ್ರಮ: ಮೊದಲು ಗೇಟು ತೋರಿಸಿ, ಇನ್ನೊಂದು ದಿನ ಅಂಗಳದಲ್ಲಿ ಆಡಿಸಿ, ಬಿಟ್ಟು ಹೋಗುವಾಗ ಕದ್ದು ಹೋಗದೆ ಹೇಳಿಯೇ ಹೋಗಿ, ಹೇಳಿದ ಹೊತ್ತಿಗೆ ತಪ್ಪದೆ ಬನ್ನಿ.

ಆರನೆಯದು, ತಂದೆಯರಿಗೆ ವಿಶೇಷವಾಗಿ. ನಮ್ಮ ಬಡಾವಣೆಯಲ್ಲಿ ಬಸ್ ಡಿಪೋದಲ್ಲಿ, ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ, ಆಸ್ಪತ್ರೆಗಳಲ್ಲಿ ಪಾಳಿ ಕೆಲಸ ಮಾಡುವವರು ಬಹಳ. ದಿನವೆಲ್ಲ ದಟ್ಟಣೆಯಲ್ಲಿ ಬಸ್ ಓಡಿಸಿ, ಪ್ರಯಾಣಿಕರ ಬೈಗುಳ ಕೇಳಿ ಮನೆಗೆ ಬಂದವರಿಗೆ ಮಗುವಿನ ಕಿರುಚಾಟ ತಲೆಗೇರುತ್ತದೆ. ಒಳಗೆ ಬರುವ ಮುನ್ನ ಕೈಕಾಲು ತೊಳೆದು ಹೊರಗಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಬನ್ನಿ. ‘ಅಪ್ಪ ಬರ್ಲಿ, ಹೇಳ್ತೀನಿ’ ಎಂದು ನಿಮ್ಮ ಹೆಸರಿನಲ್ಲಿ ಮಗುವನ್ನು ಹೆದರಿಸುವುದನ್ನು ನಿಲ್ಲಿಸಲು ಮನೆಯವರಿಗೆ ಹೇಳಿ. ರಚ್ಚೆ ಹಿಡಿದ ಮಗುವನ್ನು ಎತ್ತಿಕೊಳ್ಳುವ ಸರದಿ ನಿಮಗೂ ಬರಲಿ.

ಏಳನೆಯದು, ಯಾರಿಗೇ ಆಗಲಿ ತಾಳ್ಮೆ ತಪ್ಪುವ ಕ್ಷಣ ಬರುತ್ತದೆ. ಕೈ ಏಳುತ್ತಿದೆ ಎನ್ನಿಸಿದ ಕೂಡಲೇ ಮಗುವನ್ನು ಅಪಾಯವಿಲ್ಲದ ಕಡೆ ಕೂರಿಸಿ, ‘ಅಮ್ಮಂಗೂ ಸಿಟ್ಟು ಬಂದಿದೆ, ನೀರು ಕುಡಿದು ಬರ್ತೀನಿ’ ಎಂದು ಎರಡು ಹೆಜ್ಜೆ ದೂರ ಹೋಗಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರ ಕೈಗೆ ಕೊಡಿ. ಕೂಗಿಯೇಬಿಟ್ಟಿರಾದರೆ, ಎಲ್ಲ ಇಳಿದ ಮೇಲೆ ಮಗುವಿನ ಬಳಿ ಹೋಗಿ ‘ನಾನು ಕೂಗಬಾರದಿತ್ತು ಕಂದ’ ಎನ್ನಿ. ದೊಡ್ಡವರು ಕ್ಷಮೆ ಕೇಳುವುದರಿಂದ ಮಗುವಿನ ಕಣ್ಣಲ್ಲಿ ಸಣ್ಣವರಾಗುವುದಿಲ್ಲ. ಮುರಿದದ್ದನ್ನು ಮತ್ತೆ ಕೂಡಿಸಬಹುದು ಎಂದು ಮಗು ಕಲಿಯುವುದು ಅಲ್ಲಿಯೇ. ಹೆರಿಗೆಯ ನಂತರ ಬಹಳ ದಿನ ಅಳು, ನಿದ್ರಾಹೀನತೆ, ಯಾವುದರಲ್ಲೂ ಮನಸ್ಸಿಲ್ಲದ ಸ್ಥಿತಿ ಇದ್ದರೆ ತಾಯಂದಿರೇ, ಅದನ್ನು ನಿಮ್ಮ ದೋಷವೆಂದು ನುಂಗಿಕೊಳ್ಳಬೇಡಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಎಂಟನೆಯದು, ಯಾವಾಗ ವೈದ್ಯರನ್ನು ಕಾಣಬೇಕು ಎಂಬುದನ್ನು ತಿಳಿದಿರಿ. ಅತ್ತು ಅತ್ತು ಉಸಿರು ಕಟ್ಟಿ ಮಗು ನೀಲಿಗಟ್ಟಿದರೆ, ಪ್ರಜ್ಞೆ ತಪ್ಪಿದರೆ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ಇಂಥ ಮಕ್ಕಳಲ್ಲಿ ಅನೇಕರಿಗೆ ಕಬ್ಬಿಣದ ಅಂಶದ ಕೊರತೆ ಇರುವುದುಂಟು. ರಕ್ತ ಪರೀಕ್ಷೆಯಿಂದ ಅದು ತಿಳಿಯುತ್ತದೆ. ಎರಡು ವರ್ಷ ತುಂಬಿದರೂ ‘ಅಮ್ಮ ಬಾ’, ‘ಹಾಲು ಬೇಕು’ ಎಂದು ಎರಡು ಪದ ಕೂಡಿಸದ ಮಗುವನ್ನು, ಕರೆದರೆ ತಿರುಗದ ಮಗುವನ್ನು, ಬರುತ್ತಿದ್ದ ಮಾತು ನಿಂತುಹೋದ ಮಗುವನ್ನು ‘ನಿಧಾನಕ್ಕೆ ಬರುತ್ತೆ ಬಿಡಿ’ ಎನ್ನದೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯಿರಿ. ಹೇಳಲಾಗದ ಸಂಕಟವೇ ಎಷ್ಟೋ ಮಕ್ಕಳಲ್ಲಿ ರಂಪವಾಗಿ ಹೊರಬರುತ್ತದೆ. ಐದು ದಾಟಿದ ಮೇಲೂ ದಿನವೂ ಬಹಳ ಹೊತ್ತಿನ ರಂಪವಿದ್ದರೆ, ತನಗೋ ಇತರರಿಗೋ ಗಾಯ ಮಾಡುತ್ತಿದ್ದರೆ ಚೆಲುವಾಂಬ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲೋ ನಿಮಗೆ ಹತ್ತಿರದ ಆಸ್ಪತ್ರೆಯಲ್ಲೋ ಸಲಹೆ ಕೇಳಿ. ಯಾವುದೇ ಮಗುವಿಗೆ ಮನೆಯಲ್ಲಿ ಹಿಂಸೆಯಾಗುತ್ತಿದೆ ಎಂದು ಕಂಡರೆ ನೆರೆಯವರು 1098ಕ್ಕೆ ತಿಳಿಸಬೇಕು.

ನೆರೆಹೊರೆಯವರಿಗೂ ಒಂದು ಮಾತು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಛತ್ರದಲ್ಲಿ ಮಗು ಅತ್ತಾಗ ತಾಯಿಯ ಕಡೆ ತಿರುಗುವ ಹತ್ತು ಕಣ್ಣುಗಳೇ ಎಷ್ಟೋ ಸಲ ಆಕೆಯ ಕೈಯನ್ನು ಎತ್ತಿಸುತ್ತವೆ. ‘ಏನಮ್ಮಾ ಹೀಗೆ ಬೆಳೆಸಿದ್ದೀಯ’ ಎನ್ನುವ ಬದಲು ಆಕೆಯ ಚೀಲ ಹಿಡಿದುಕೊಳ್ಳಿ, ಸಾಲಿನಲ್ಲಿ ಮುಂದೆ ಬಿಡಿ, ‘ಅಳ್ಲಿ ಬಿಡಮ್ಮ, ನಮ್ಮ ಮಕ್ಕಳೂ ಹೀಗೇ ಇದ್ವು’ ಎನ್ನಿ. ಅತ್ತೆ-ಮಾವಂದಿರಲ್ಲಿಯೂ ಇದೇ ಪ್ರಾರ್ಥನೆ. ಮೊಮ್ಮಗುವಿನ ಮುಂದೆ ಸೊಸೆಯನ್ನೋ ಮಗಳನ್ನೋ ಆಡಿಕೊಂಡರೆ ಆಕೆಯ ಸಮಾಧಾನ ಕದಡುತ್ತದೆ. ಆಕೆಯ ಸಮಾಧಾನ ಕದಡಿದರೆ ಮಗುವಿಗೆ ಒರಗಲು ಜಾಗವಿರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ನಾಳೆಯೇ ಮಗು ಅಳುವುದನ್ನು ಬಿಡುವುದಿಲ್ಲ. ತಿಂಗಳುಗಳು ಹಿಡಿಯುತ್ತವೆ. ನಾಲ್ಕು ದಿನ ಚೆನ್ನಾಗಿದ್ದು ಐದನೆಯ ದಿನ ಮತ್ತೆ ನೆಲಕ್ಕೆ ಬೀಳುತ್ತದೆ. ‘ಏನೂ ಪ್ರಯೋಜನವಿಲ್ಲ’ ಎಂದು ಆಗ ಕೈಬಿಡಬೇಡಿ. ನನ್ನ ಬಳಿ ಶಿಶುವಿಹಾರಕ್ಕೆ ಬಂದಿದ್ದ ಮಕ್ಕಳು ಈಗ ದೊಡ್ಡವರಾಗಿ ಇದೇ ಬೀದಿಗಳಲ್ಲಿ ಓಡಾಡುತ್ತಾರೆ. ಚಿಕ್ಕಂದಿನಲ್ಲಿ ಅತ್ತಾಗ ಕೇಳಿಸಿಕೊಂಡ ಮನೆಗಳ ಮಕ್ಕಳು, ಪರೀಕ್ಷೆಯಲ್ಲಿ ಫೇಲಾದಾಗ, ಕೆಲಸ ಹೋದಾಗ, ಮನಸ್ಸು ಮುರಿದಾಗ ಮನೆಗೇ ಬಂದು ಹೇಳಿದ್ದನ್ನು ನೋಡಿದ್ದೇನೆ. ಬಾಯಿ ಮುಚ್ಚಿಸಿಕೊಂಡು ಬೆಳೆದ ಮಕ್ಕಳಲ್ಲಿ ಕೆಲವರು ತಮ್ಮ ಕಷ್ಟವನ್ನು ಕೊನೆಯವರೆಗೂ ಯಾರಿಗೂ ಹೇಳಲಿಲ್ಲ. ಮೂರು ವರ್ಷದ ಮಗುವಿನ ಸಣ್ಣ ಅಳುವಿಗೆ ಇಂದು ನೀವು ಕೂತರೆ, ಹದಿನೈದರ ದೊಡ್ಡ ದುಃಖವನ್ನು ಅದು ನಿಮ್ಮ ಬಳಿಗೇ ತರುತ್ತದೆ.

ಆದ್ದರಿಂದ ಇವತ್ತು ರಾತ್ರಿ ಊಟವಾದ ಮೇಲೆ ಮನೆಯ ದೊಡ್ಡವರೆಲ್ಲ ಹತ್ತು ನಿಮಿಷ ಒಟ್ಟಿಗೆ ಕೂತು ಮೂರು ಮಾತಿಗೆ ಒಪ್ಪಿಕೊಳ್ಳಿ. ಈ ಮನೆಯಲ್ಲಿ ಮಗುವಿಗೆ ಯಾರೂ ಹೊಡೆಯುವುದಿಲ್ಲ. ಯಾರೂ ಹೆದರಿಸುವುದಿಲ್ಲ. ಒಬ್ಬರು ಯೋಚಿಸಿ ಹೇಳಿದ ‘ಇಲ್ಲ’ವನ್ನು ಇನ್ನೊಬ್ಬರು ಮುರಿಯುವುದಿಲ್ಲ. ಇದಕ್ಕೆ ಹಣ ಬೇಡ, ಓದು ಬೇಡ, ದೊಡ್ಡ ಮನೆಯೂ ಬೇಡ. ಮನೆಯ ಎಲ್ಲರ ಒಪ್ಪಿಗೆಯೊಂದು ಬೇಕು. ಅದನ್ನು ನಿಮ್ಮ ಮಕ್ಕಳ ಪರವಾಗಿ ಕೈ ಮುಗಿದು ಕೇಳುತ್ತಿದ್ದೇನೆ.

ಗೌರವಾದರಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ಶಿಶುವಿಹಾರ ಶಿಕ್ಷಕಿ
ಬನ್ನಿಮಂಟಪ, ಮೈಸೂರು